‘ದೋರಸಮುದ್ರ’ ಬ್ಯಾಂಡಿಗೆ ಚರ್ಮದ ಸದ್ದು ಕೊಟ್ಟವರು

ಹಳೇಬೀಡಿನ ಕೆರೆಯ ಮೇಲಿನ ಮಂಜು ಇನ್ನೂ ಕದಲಿಲ್ಲ. ಮನೆಯ ಹಿತ್ತಲಲ್ಲಿ ಭೀಮರಾಜ್ ನೆನೆಸಿಟ್ಟ ಆಡಿನ ಚರ್ಮವನ್ನು ಶಾಲೆಯೊಂದರ ಡ್ರಮ್ಮಿಗೆ ಎಳೆದು ಬಿಗಿಯುತ್ತಿದ್ದಾರೆ. ಬಿಸಿಲೇರಿದರೆ ಚರ್ಮ ಒಂದೇ ಕಡೆ ಒಣಗಿ ಸೊಟ್ಟಗಾಗುತ್ತದೆ. ಅದಕ್ಕೇ ಈ ಅವಸರ. ಸುತ್ತಲಿನ ಡೊಳ್ಳು, ತಮಟೆ, ಶಾಲೆಯ ಡ್ರಮ್ಮು ಹರಿದರೆ ಬರುವುದು ಇವರ ಬಾಗಿಲಿಗೇ. ವಾರಕ್ಕೆ ಐದಾರು.

ಇದೇ ಕೈಗಳು ತೊಂಬತ್ತಾರರಿಂದ ಎರಡು ವರ್ಷ ‘ದೋರಸಮುದ್ರ’ ಎಂಬ ಬ್ಯಾಂಡಿನ ಡ್ರಮ್ಸ್ ಬಾರಿಸಿದವು. ಆರ್ಕೆಸ್ಟ್ರಾ ಎಂದರೆ ಸಿನಿಮಾ ಹಾಡು ಎಂದೇ ನಂಬಿದ್ದ ಊರುಗಳಲ್ಲಿ, ಬೇಲೂರಿನ ಅರ್ಚಕರ ಮಗ ಮುರಳೀಕೃಷ್ಣ ಗಿಟಾರ್ ಹಿಡಿದು ತಾವೇ ಕಟ್ಟಿದ ಹಾಡು ಹಾಡುತ್ತಿದ್ದರು. ಕೀಬೋರ್ಡಿಗೆ ಅರಸೀಕೆರೆಯ ಗೆಳೆಯರೊಬ್ಬರಿದ್ದರು.

ಮೊದಲ ಕಾರ್ಯಕ್ರಮದಲ್ಲೇ ಎಡವಟ್ಟು. ಬೇಲೂರಿನಲ್ಲಿ ಕಾಲೇಜು ವಾರ್ಷಿಕೋತ್ಸವ, ಕೊರೆಯುವ ಚಳಿ. ಚಳಿಗೆ ತಮಟೆ ಸಡಿಲವಾಗುತ್ತದೆ, ಬೆಂಕಿಗೆ ಹಿಡಿದರೆ ಬಿಗಿಯಾಗುತ್ತದೆ. ತಮಟೆಯ ಮನೆಯಲ್ಲೇ ಬೆಳೆದ ಭೀಮರಾಜ್ ವೇದಿಕೆಯ ಹಿಂದೆ ಒಣಹುಲ್ಲು ಉರಿಸಿ ಬಾಡಿಗೆ ಡ್ರಮ್ಮನ್ನೂ ಹಾಗೇ ಕಾಯಿಸಿದರು. ಅದರ ಮುಖ ಪ್ಲಾಸ್ಟಿಕ್ಕಿನದು!

“ಹಪ್ಳ ಮುದುರ್ದಂಗೆ ಮುದುರ್ಕಂಡ್ತು ಕಣ್ರೀ! ಮುರಳಿ ಬಂದು, ‘ಏನೋ ಭೀಮ, ಡ್ರಮ್ ಹುರೀತಿದ್ದೀಯೇನೋ?’ ಅಂದ.”

ಭೀಮರಾಜ್ ಹತ್ತಿರದ ನೆಂಟರ ಮನೆಗೆ ಓಡಿ, ತಮಟೆ ತಂದು ಡ್ರಮ್ಮಿನ ಸ್ಟ್ಯಾಂಡಿಗೇ ಕಟ್ಟಿದರು. ಗಿಟಾರಿನ ಜೊತೆ ಅದು ಮೊಳಗಿದಾಗ ಹಿಂದಿನ ಸಾಲಿನವರೂ ಎದ್ದು ಕುಣಿದರು. ಆಮೇಲೆ ಎಲ್ಲ ಡ್ರಮ್ಮಿಗೂ ಚರ್ಮವೇ. ಬಿಕ್ಕೋಡಿನಿಂದ ಅರಸೀಕೆರೆಯವರೆಗೆ ಕರೆ ಬಂತು.

ಕೊನೆಗೆ ಕ್ಯಾಸೆಟ್ ಮಾಡುವ ಕಾಲವೂ ಬಂತು. ಬೆಂಗಳೂರಿನ ಸ್ಟುಡಿಯೋದವನು ಎರಡೇ ಏಟು ಕೇಳಿ, “ಇದೇನ್ರೀ, ತಮಟೆ ಸೌಂಡು. ರಿದಂ ಮಷೀನ್ ಹಾಕೋಣ” ಎಂದ. ಮುರಳೀಕೃಷ್ಣ ಗೆಳೆಯನ ಹೆಗಲು ಹಿಡಿದು, “ಇದೊಂದ್ಸಲ ಅಡ್ಜಸ್ಟ್ ಮಾಡ್ಕೊಳೋ” ಎಂದರು. ಭೀಮರಾಜ್ ಬಡಿಯುವ ಕೋಲುಗಳನ್ನು ಚೀಲಕ್ಕೆ ಹಾಕಿ ಬಸ್ಸು ಹತ್ತಿದರು. ಮಷೀನಿನ ತಾಳದ ಕ್ಯಾಸೆಟ್ ಅಂಗಡಿಗೆ ಬಂತು. ಬ್ಯಾಂಡು ಮತ್ತೆ ವೇದಿಕೆ ಹತ್ತಲಿಲ್ಲ.

ಐದು ವರ್ಷದ ನಂತರ, ಈಗ ಬ್ಯಾಂಕ್ ನೌಕರರಾದ ಮುರಳೀಕೃಷ್ಣ ಹಳೆಯ ಹಾಡುಗಳನ್ನು ಹೊಸದಾಗಿ ರೆಕಾರ್ಡ್ ಮಾಡಲು ಹೊರಟಿದ್ದಾರೆ. ಭೀಮರಾಜರನ್ನು ಕರೆಯಲು ಎರಡು ಸಲ ಮನೆಗೂ ಬಂದಿದ್ದರು.

“ಬಂದು ಏನ್ ಮಾಡ್ತಾರೆ? ಇಬ್ರೂ ಕಾಫಿ ಕುಡ್ಕಂಡು ಕೆರೆ ನೋಡ್ತಾ ಕೂರ್ತಾರೆ. ಮಾತಾಡ್ಸಕ್ಕೆ ನಾನೇ ಬರ್ಬೇಕು” ಎಂದು ಭೀಮರಾಜರ ಹೆಂಡತಿ ರಮಾ ನಗುತ್ತಾರೆ.

ಹೋಗುತ್ತೀರಾ ಎಂದರೆ ಭೀಮರಾಜ್ ಚರ್ಮದ ಅಂಚನ್ನು ಇನ್ನೊಮ್ಮೆ ಎಳೆದು ಗಂಟು ಹಾಕುತ್ತಾರೆ.

“ಹೋಯ್ತೀನಿ. ಒಂದೇ ಆಸೆ ಐತೆ. ಮೊದ್ಲು ನನ್ ಬಡಿತ ರೆಕಾರ್ಡ್ ಆಗ್ಲಿ. ಆಮ್ಯಾಕೆ ಅದ್ರ ಮ್ಯಾಲೆ ಅವ್ನು ಹಾಡ್ಲಿ.”