ಸವಡಿಯ ಎರೆಹೊಲಕ್ಕೆ ಹಿಮ ಸುರಿಸಿದ ದುರಗೇಶ

ರೋಣದಲ್ಲಿ ಮದುವೆ ವಿಡಿಯೋ ತೆಗೆಯುವ ದುರಗೇಶನಿಗೆ ಹಲ್ಲಿ ಕಂಡರೆ ಭಯ, ಮದುಮಗಳ ತಾಯಿ ಕಂಡರೆ ಭಯ, ಎಲ್ಲವೂ ಸರಿಯಾಗಿ ನಡೆಯುತ್ತಿದ್ದರೆ ಇನ್ನೂ ಭಯ. ಇಂಥ ಮಹಾವೀರ ಹಿಮಾಲಯವನ್ನೇ ಎತ್ತಿ ಸವಡಿಗೆ ತರುತ್ತೇನೆಂದು ಮಾತು ಕೊಟ್ಟದ್ದೂ ಭಯದಿಂದಲೇ.

ಮದುವೆಗೆ ಮುಂಚಿನ ವಿಡಿಯೋ ತೆಗೆಯಲು ಹೋದಾಗ ಮದುಮಗಳು ಐಶ್ವರ್ಯಾ ಕೇಳಿದಳು: "ಅಣ್ಣಾ, ನಾವಿಬ್ರೂ ಟ್ರ್ಯಾಕ್ಟರ್ ಮ್ಯಾಲ ಹಿಮದಾಗ ಬಂದಂಗ ಮಾಡಾಕ ಬರ್ತತೇನು?"

ಬರುವುದಿಲ್ಲ ಎನ್ನಲು ಧೈರ್ಯ ಸಾಲದೆ ದುರಗೇಶ, "ಬರ್ತತವಾ" ಎಂದ. ಅಲ್ಲಿಯವರೆಗೆ ಅವನು ಕಂಡ ಹಿಮವೆಂದರೆ ಫ್ರಿಜ್ಜಿನ ಮೇಲಂತಸ್ತಿನದು.

ಸವಡಿಯ ಒಣಗಿದ ಎರೆಹೊಲದಲ್ಲಿ ಜೋಡಿಯನ್ನು ಟ್ರ್ಯಾಕ್ಟರ್ ಹತ್ತಿಸಿ, ಇಳಿಸಿ, ನಡೆಸಿ ಚಿತ್ರ ತೆಗೆದ. ಮನೆಗೆ ಬಂದು ಕಂಪ್ಯೂಟರಿನಲ್ಲಿ ಹಿಮ ಸುರಿಸಿದ. ಟ್ರ್ಯಾಕ್ಟರ್ ಹಾದುಹೋಯಿತು, ಗಾಲಿಯ ಗುರುತು ಮೂಡಲಿಲ್ಲ. ಜೋಡಿ ನಡೆಯಿತು, ಒಂದು ಹೆಜ್ಜೆಯೂ ಬೀಳಲಿಲ್ಲ.

"ಅಯ್ಯ ಶಿವನ! ಇವ್ರು ಮದುಮಕ್ಕಳೋ ದೆವ್ವಗೊಳೋ?" ಎಂದಳು ಹೆಂಡತಿ ಮಹೇಶ್ವರಿ. ದೆವ್ವ ಎಂದದ್ದೇ ದುರಗೇಶ ಎದ್ದು ಕೋಣೆಯ ದೀಪ ಹಚ್ಚಿದ.

ಕಂಪ್ಯೂಟರಿಗೆ ಹಿಮವೆಂದರೆ ಲಕ್ಷಾಂತರ ಕಣಗಳ ರಾಶಿ. ಭಾರ ಬಿದ್ದರೆ ಎಷ್ಟು ಕುಸಿಯಬೇಕು, ತುಳಿದರೆ ಎಷ್ಟು ಗಟ್ಟಿಯಾಗಬೇಕು, ತಾಕಿದ್ದಕ್ಕೆ ಎಷ್ಟು ಅಂಟಬೇಕು, ಎಲ್ಲವನ್ನೂ ನಾವೇ ಹೇಳಿಕೊಡಬೇಕು. ಹೇಳಿಕೊಡಲು ದುರಗೇಶನಿಗೆ ಗೊತ್ತಿದ್ದದ್ದು ಒಂದೇ: ಮಳೆಯಲ್ಲಿ ನೆನೆದ ಎರೆಮಣ್ಣು. ಗಾಲಿ, ಗೊರಸು, ಚಪ್ಪಲಿ, ಅದು ಹಿಡಿದದ್ದನ್ನು ಬಿಟ್ಟದ್ದೇ ಇಲ್ಲ. ಅದೇ ಗುಣವನ್ನು ಹಿಮಕ್ಕೆ ಧಾರೆಯೆರೆದ. ಏರು ಹತ್ತುವ ಯಾವಗಲ್ ಊರಿನ ಬಸ್ಸಿನಂತೆ ಕಂಪ್ಯೂಟರು ಮೊರೆಯಿತು. ಗುರುತು ಮೂಡಿತು, ಹೆಜ್ಜೆ ಬಿತ್ತು. ದುರಗೇಶ ಮೊದಲ ಬಾರಿಗೆ ನೆಮ್ಮದಿಯಿಂದ ಉಂಡ.

ಉಣ್ಣುತ್ತಿದ್ದಾಗಲೇ ಮಹೇಶ್ವರಿ ಸುದ್ದಿ ಬಡಿಸಿದಳು: "ಹುಡುಗಿ ಸೋದರಮಾವ ಬರ್ತಾನಂತ. ಮೆಣಸಗಿ ಅಂದಾನಪ್ಪ. ಮಿಲ್ಟ್ರಿಯಾಗ ಹಿಮದ ಗುಡ್ಡದ ಮ್ಯಾಲ ಕಾವಲಿದ್ದಾಂವ."

ದುರಗೇಶ ಎತ್ತಿದ ತುತ್ತನ್ನು ತಾಟಿಗೇ ಮರಳಿಸಿದ. ಆ ಮನುಷ್ಯ ಎದ್ದು ನಿಂತು 'ಇದು ಹಿಮಾನ?' ಎಂದರೆ ಸಾಕು, ಬೀಗರೆದುರು ಐಶ್ವರ್ಯಾಳ ತಲೆ ತಗ್ಗುತ್ತದೆ. ದುರಗೇಶನ ಹೆಸರು ನರಗುಂದದಿಂದ ಗಜೇಂದ್ರಗಡದವರೆಗೆ ನಗೆಪಾಟಲು.

ಮದುವೆಯ ದಿನ ಊಟ ಮುಗಿದು ಪರದೆ ಬೆಳಗಿತು. ಮೊದಲ ಸಾಲಿನಲ್ಲಿ ಬಿಳಿ ಮೀಸೆಯ ಅಂದಾನಪ್ಪ. ಟ್ರ್ಯಾಕ್ಟರ್ ಬಂತು. ಹಿಮ ಗಾಲಿಗೆ ಮೆತ್ತಿತು, ಮಡ್‌ಗಾರ್ಡ್ ತುಂಬಿತು. ಮದುಮಗ ಇಳಿದು ನಡೆದ. ಹೆಜ್ಜೆಹೆಜ್ಜೆಗೂ ಅವನ ಬೂಟು ಕುಂಬಳಕಾಯಿಯಷ್ಟಾಯಿತು.

"ಏ, ಇದು ನಮ್ಮ ಎರಿಹೊಲನಲೇ! ಸುಣ್ಣಾ ಹೊಡದಾನ!" ಎಂದು ಯಾರೋ ಕೂಗಿದರು. ಸಭೆ ಹೊಟ್ಟೆ ಹಿಡಿದು ನಕ್ಕಿತು. ಐಶ್ವರ್ಯಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ದುರಗೇಶ ವಿಡಿಯೋ ನಿಲ್ಲಿಸಿ ಸ್ಪೀಕರಿನ ಹಿಂದೆ ಅಡಗಿದ.

ಅಂದಾನಪ್ಪ ಎದ್ದು ನೇರ ಅಲ್ಲಿಗೇ ಬಂದ. "ಯಾಕ ನಿಂದರಿಸಿದಿ?"

"ತಪ್ಪಾತ್ರೀ ಯಜಮಾನ್ರ. ನಾ ಹಿಮಾ ನೋಡಿಲ್ರೀ."

"ಅದು ತಿಳೀತು. ಹಿಮಾ ಹಿಂಗ ಇರಂಗಿಲ್ಲ." ಅಂದಾನಪ್ಪನ ದನಿ ಕುಗ್ಗಿತು. "ನಾವಿದ್ದಲ್ಲಿ ಅದು ಸಕ್ಕರಿ ಪುಡಿ ಇದ್ದಂಗ. ಕಾಲಿಗೆ ಹತ್ತಂಗಿಲ್ಲ. ನನ್ನ ಮುಂದ ಹೊಂಟಾಂವ ಹೆಜ್ಜಿ ಇಟ್ಟ, ಒಳಗ ಹ್ವಾದ. ಮ್ಯಾಲ ಮತ್ತ ಸಪಾಟ ಆತು, ಯಾರೂ ಇರಲಿಲ್ಲ ಅನ್ನೂಹಂಗ."

ಸ್ಪೀಕರಿನ ಹಿಂದಿನಿಂದ ಎದ್ದುಬಂದ ದುರಗೇಶನಿಗೆ ಅಂದಾನಪ್ಪ ಪರದೆ ತೋರಿಸಿದ.

"ನಿಂದು ಬ್ಯಾರೆ ಐತಿ. ನಿಂದು ಹುಡುಗನ ಕಾಲ ಹಿಡಕೊಂಡು ಬಿಡವಲ್ದು. ಚಲೋ ಐತಿ. ಮತ್ತ ಹಚ್ಚು, ಮೊದಲಿಂದ." ಸಭೆಯತ್ತ ತಿರುಗಿ ಗದರಿಸಿದ: "ನಗೋರು ನಗ್ರಿ, ಕುಂತು ನಗ್ರಿ!"

ದುರಗೇಶ ಗುಂಡಿ ಒತ್ತಿದ. ಸವಡಿಯ ಮೇಲೆ ಮತ್ತೆ ಹಿಮ ಬಿತ್ತು, ಜನ ಮತ್ತೆ ನಕ್ಕರು, ಈ ಸಲ ಐಶ್ವರ್ಯಾ ಕೂಡ. ಅಂದಾನಪ್ಪ ತನ್ನ ಕುರ್ಚಿಗೆ ಮರಳಿ, ಕೆಳಗೆ ಹಿಮವೇ ಇದ್ದಂತೆ ಎರಡೂ ಕಾಲುಗಳನ್ನು ನೆಲದಿಂದ ಎತ್ತಿ ಮಡಚಿಕೊಂಡು ಕುಳಿತು, ಕಣ್ಣು ಮಿಟುಕಿಸದೆ ನೋಡಿದ.