‘ಕಾಣ್ತಿಲ್ಲ’ ಅಂದ ಕ್ಯಾಮೆರಾ

ಇದನ್ನು ಬರೆಯಬೇಕೆಂದು ಕೂತು, ಈ ಅಂಕಣಕ್ಕೆ ಬೇರೇನೋ ಬರೆದು ಕಳಿಸಿದ ವಾರಗಳು ಎಷ್ಟೋ. ಬಸ್ಸಿನ ಟಾಪಿನ ಮೇಲೆ ಕುರಿ ಹತ್ತಿಸಿದ್ದನ್ನು ಬರೆದೆ. ಮದುಮಗನನ್ನೇ ಬಿಟ್ಟು ಹೊರಟ ದಿಬ್ಬಣದ ಬಗ್ಗೆ ಬರೆದೆ. ನೀವೂ ನಕ್ಕಿರಿ. ಇದೊಂದನ್ನು ಮಾತ್ರ ಹಿಂದಿನ ಸೀಟಿಗೆ ತಳ್ಳುತ್ತಲೇ ಬಂದೆ. (ಕಂಡಕ್ಟರ್ ಆಗಿದ್ದವನಿಗೆ ತಳ್ಳುವುದು ಕಷ್ಟವೇ?)

ಕಳೆದ ತಿಂಗಳು ಆ ತಳ್ಳಾಟ ನಿಂತಿತು. ನಿಲ್ಲಿಸಿದ್ದು ಒಂದು ಕ್ಯಾಮೆರಾ.

ನನ್ನ ಲಿವರ್‌ನಲ್ಲಿ ಗಂಟು ಕಂಡಿತ್ತು. ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆ ಮಾಡಬೇಕು ಅಂದರು. ದಾವಣಗೆರೆಗೆ ಹೋದೆವು. ಪೂರ್ತಿ ಎಚ್ಚರ ತಪ್ಪಿಸುವುದಿಲ್ಲ, ಆ ಜಾಗವನ್ನಷ್ಟೇ ಮರಗಟ್ಟಿಸುತ್ತಾರೆ. ಹಾಗಾಗಿ ನೋಡಲು ಕಣ್ಣು, ಹರಟಲು ಬಾಯಿ ಎರಡೂ ನನ್ನ ಹತ್ತಿರವೇ ಇದ್ದವು.

ಹೊಟ್ಟೆಯ ಮೇಲೆ ಹೊಳೆಯುವ ಪುಟ್ಟ ಗೋಲಿಗಳನ್ನು ಅಂಟಿಸಿದರು. ಸಿ.ಟಿ. ಯಂತ್ರದೊಳಗೆ ಕಳಿಸಿ ಚಿತ್ರ ತೆಗೆದರು. ಸೂಜಿಯ ಹಿಡಿಕೆಗೂ ಅಂಥವೇ ಗೋಲಿ. ಮೇಲಿನಿಂದ ಇಳಿಬಿಟ್ಟ ಪಟ್ಟಿಯಲ್ಲಿ ಎರಡು ಕಣ್ಣಿನ ಕ್ಯಾಮೆರಾ.

"ಏನ್ ಡಾಕ್ಟರಮ್ಮ, ನನ್ ಫೋಟೋ ತೆಗೀತೀರೇನು?" ಅಂದೆ. ಭಯವಾದರೆ ನನಗೆ ತಮಾಷೆ ಜಾಸ್ತಿ.

"ನಿಮ್ದಲ್ಲ ಅಜ್ಜಾರೆ, ಗೋಲಿಗಳ್ದು." ಅವರು ಚನ್ನಗಿರಿ ಕಡೆಯವರು, ಚಿಕ್ಕ ವಯಸ್ಸು. "ಗಂಟು ಎಲ್ಲೈತೆ ಅಂತ ಸಿ.ಟಿ. ತೋರ್ಸೈತೆ. ಸೂಜಿ ನನ್ ಕೈಯಾಗೈತೆ. ಒಳಗೆ ಹೋದ್ಮೇಲೆ ಸೂಜಿ ತುದಿ ನನಗೆ ಹೆಂಗೆ ಕಾಣ್ಬೇಕು? ಆ ಕ್ಯಾಮೆರಾ ನಿಮ್ ಮೈಮೇಲಿನ ಗೋಲೀನೂ ನೋಡ್ತೈತೆ, ಸೂಜಿ ಗೋಲೀನೂ ನೋಡ್ತೈತೆ. ಎರಡೂ ತಾಳೆ ಹಾಕಿ, ಸೂಜೀನ ಸಿ.ಟಿ. ಚಿತ್ರದ ಮೇಲೆ ಕೂರಿಸಿ ತೋರಿಸ್ತೈತೆ."

"ಅಂದ್ರೆ ಕಂಡಕ್ಟರ್ ಅನ್ರಿ! ನೀವು ಡ್ರೈವರ್. ಬಸ್ಸು ರಿವರ್ಸ್ ಹೊಂಟೈತೆ."

ಮಾಸ್ಕಿನೊಳಗೇ ನಕ್ಕರು. "ಹೌದ್ರಿ. ಈಗ ಪ್ಯಾಸೆಂಜರ್ ಉಸಿರು ಹಿಡೀಲಿ. ಅಲುಗಾಡಾಂಗಿಲ್ಲ."

ಹಿಡಿದೆ. ಸೂಜಿ ಇಳಿಯತೊಡಗಿತು. ಇದ್ದಕ್ಕಿದ್ದಂತೆ ಟಣ್ ಎಂದು ಸದ್ದು. ಪರದೆಯ ಮೇಲಿದ್ದ ಸೂಜಿಯ ಗೆರೆ ಮಾಯ. ಡಾಕ್ಟರಮ್ಮನ ಕೈ ಅಲ್ಲೇ ನಿಂತಿತು.

"ಸಿಸ್ಟರ್, ಒಂಚೂರು ಸರೀರಿ. ನೀವು ಅಡ್ಡ ಬಂದ್ರಿ, ಕ್ಯಾಮೆರಾಗೆ ಗೋಲಿ ಕಾಣ್ತಿಲ್ಲ. ಅಜ್ಜಾರೆ, ಉಸಿರು ಬಿಡ್ರಿ."

ಬಿಟ್ಟೆ. ಬಾಯಿ ಸುಮ್ಮನಿರಬೇಕಲ್ಲ? "ಕಾಣದಿದ್ರೆ ಅಂದಾಜಿನ ಮೇಲೆ ಹೇಳಲ್ವಾ ಅದು?"

"ಇಲ್ರಿ. ಕಾಣ್ತಿಲ್ಲ ಅಂತ್ಲೇ ಹೇಳ್ತೈತೆ. ನಾನು ಕೈ ನಿಲ್ಲಿಸ್ತೀನಿ. ಅಷ್ಟೆ."

ನನ್ನ ಕಣ್ಣಲ್ಲಿ ನೀರಿಳಿಯಿತು. "ನೋಯ್ತಾ ಅಜ್ಜ?" ಎಂದು ಸಿಸ್ಟರ್ ಒರೆಸಿದರು. ನೋವು ಅಲ್ಲಿರಲಿಲ್ಲ. ನ್ಯಾಮತಿಯಲ್ಲಿತ್ತು.

ಚನ್ನಗಿರಿಯಿಂದ ಹೊನ್ನಾಳಿ ಮೇಲೆ ನ್ಯಾಮತಿಗೆ ಹೋಗುತ್ತಿದ್ದ ಖಾಸಗಿ ಬಸ್ಸು ನಮ್ಮದು. ಆಗ ನಮಗೆ ಹರೆಯ. ಡ್ರೈವರ್ ಜಗಳೂರು ಸೀಮೆಯ ಸೊಕ್ಕೆಯವನು. ಇಬ್ಬರಿಗೂ ಒಂದೇ ರೂಮು, ಒಂದೇ ಬುತ್ತಿ. ನ್ಯಾಮತಿಯಲ್ಲಿ ಬಸ್ಸು ತಿರುಗಿಸಲು ಹಿಂದಕ್ಕೆ ಬರಬೇಕಿತ್ತು. ಹಿಂದೇನಿದೆ ಎಂದು ಅವನಿಗೆ ಕಾಣದು. ನಾನು ಹಿಂದೆ ನಿಂತು, ಬಸ್ಸಿನ ಮೈ ಬಡಿಯುತ್ತ "ಬರ್ಲಿ, ಬರ್ಲಿ" ಅನ್ನಬೇಕು. ಸಾಕಾದಾಗ "ಹೋಲ್ಡಾನ್" ಅನ್ನಬೇಕು. ಅವನು ಪಕ್ಕದ ಕನ್ನಡಿಯನ್ನೂ ನೋಡುತ್ತಿರಲಿಲ್ಲ. "ನೀನಿರುವಾಗ ಅದ್ಯಾಕೋ?" ಅನ್ನುತ್ತಿದ್ದ.

ಆ ಸಂಜೆ ಪರಿಚಯದವರೊಬ್ಬರು ಸಿಕ್ಕರು. ಮುಖ ಅತ್ತ ತಿರುಗಿಸಿ ಮಾತಿಗೆ ನಿಂತೆ. ಕೈ ಮಾತ್ರ ಬಸ್ಸನ್ನು ಬಡಿಯುತ್ತಲೇ ಇತ್ತು. ಬರ್ಲಿ, ಬರ್ಲಿ, ಬರ್ಲಿ...

ಬಾಟಲಿಗಳು ಒಡೆದ ಸದ್ದಿಗೆ ತಿರುಗಿದೆ. ಸೋಡಾ ಅಂಗಡಿ ಬಸ್ಸಿನಡಿ ಜಜ್ಜಿಹೋಗಿತ್ತು. ಅಂಗಡಿಯಾಕೆ ನೀರು ತರಲು ಹೋಗಿದ್ದಳು. ಕೂತಲ್ಲೇ ಕೂತಿದ್ದರೆ? ಈಗಲೂ ಕೊಡ ಹೊತ್ತ ಹೆಂಗಸು ಎದುರಾದರೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಜನ ಸೇರಿದರು. ಬಸ್ಸಿನ ಮಾಲೀಕರೂ ಬಂದರು. "ಯಾರ್ದಲೇ ತಪ್ಪು?"

"ನಾನು ಹೋಲ್ಡಾನ್ ಅಂದೆ ಸಾವ್ಕಾರ್ರೆ. ಇವ್ನಿಗೆ ಕೇಳ್ಸಲಿಲ್ಲ."

ಎಷ್ಟು ಸಲೀಸಾಗಿ ಬಂತು ನೋಡಿ!

ಅವನು ನನ್ನ ಕುತ್ತಿಗೆಪಟ್ಟಿ ಹಿಡಿದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವನು ನನ್ನ ಮುಖವನ್ನೇ ನೋಡಿ, "ಅಂದ್ಯೇನೋ?" ಅಂದ.

"ಅಂದೆ ಕಣೋ. ಎರಡು ಸಲ ಅಂದೆ."

ಮೆಲ್ಲಗೆ ಕಿವಿ ಮುಟ್ಟಿಕೊಂಡ. "ನೀನು ಅಂದಿದ್ರೆ ಅಂದಿರ್ತೀಯ ಬಿಡು. ನನ್ ಕಿವೀಗೇ ಏನೋ ಆಗೈತೆ. ಹಿಂದೆ ಮಕ್ಳು ಮರಿ ಇದ್ದಿದ್ರೆ ಹೆಂಗಪ್ಪಾ?"

ಮಾಲೀಕರು ಅವನನ್ನು ಕೆಲಸದಿಂದ ಬಿಡಿಸಲಿಲ್ಲ. ಅವನೇ ಬಿಟ್ಟ. ಮತ್ತೆ ಸ್ಟೇರಿಂಗ್ ಮುಟ್ಟಲಿಲ್ಲ. ಸೊಕ್ಕೆಗೆ ಹೋಗಿ ಕುರಿ ಸಾಕಿದ. ಅಂದಿನಿಂದ, ಯಾರೇ ಮಾತಾಡಿಸಿದರೂ ಸರಿಯಾಗಿ ಕೇಳಲೆಂದು ಅಂಗೈಯನ್ನು ಕಿವಿಯ ಹಿಂದೆ ಹಿಡಿಯುತ್ತಾನೆ. ಊರಿಗೆ ಅವನು ಕಿವುಡ. ಅವನಿಗೂ ಅವನು ಕಿವುಡ.

ನಾನು ಆಸ್ಪತ್ರೆಯಿಂದ ಬಂದ ಸುದ್ದಿ ತಿಳಿದು ಹೊನ್ನಾಳಿಯ ನಮ್ಮ ಮನೆಗೆ ಬಂದ. (ಗಂಟು ಕೆಟ್ಟದ್ದಲ್ಲವಂತೆ, ಗಾಬರಿಯಾಗಬೇಡಿ.) ಬಸ್ಸು ಬದಲಾಯಿಸುತ್ತ, ಟವೆಲ್ಲಿನಲ್ಲಿ ಹಸಿ ಶೇಂಗಾ ಕಟ್ಟಿಕೊಂಡು. ಮಂಚದ ಪಕ್ಕ ಕೂತು, ಕಿವಿಗೆ ಅಂಗೈ ಕೊಟ್ಟು, "ಜೋರಾಗಿ ಹೇಳಪ್ಪ, ಏನಂದ್ರು ಡಾಕ್ಟ್ರು?" ಅಂದ.

ಅಡುಗೆಮನೆಯಲ್ಲಿ ನನ್ನ ಹೆಂಡತಿ ಸೊಸೆಗೆ ಮೆಲ್ಲಗೆ ಹೇಳುತ್ತಿದ್ದಳು, "ಅಣ್ಣಾರಿಗೆ ಸಕ್ಕರೆ ಕಮ್ಮಿ ಹಾಕವ್ವ, ವಯಸ್ಸಾಗೈತೆ."

"ಹಾಕ್ರಿ ತಾಯಿ, ನನಗೆ ಶುಗರ್ ಇಲ್ಲ!" ಅಂದ, ಕೂತಲ್ಲಿಂದಲೇ. ಅಂದು, ಮತ್ತೆ ಅಂಗೈಯನ್ನು ಕಿವಿಗೆ ಹಿಡಿದ.

ನಾನು ದನಿ ಏರಿಸಿ ಕ್ಯಾಮೆರಾದ ಕಥೆ ಹೇಳಿದೆ. ಟಣ್ ಎಂದದ್ದು, ಕೈ ನಿಂತದ್ದು. ಕಣ್ಣರಳಿಸಿ ಕೇಳಿದ.

"ಭಾರಿ ಐತಲ್ಲೋ! ಥೇಟ್ ನಿನ್ನಂಗೇ. ಕೇಳೋ ಕಿವಿ ಇರ್ಬೇಕಷ್ಟೆ, ಮುಂದೆ ಕೂತೋನಿಗೆ."

ಆಗಲಾದರೂ ಹೇಳಬಹುದಿತ್ತಲ್ಲ? ಶೇಂಗಾ ಸುಲಿಯುತ್ತ ಕೂತೆ. ಅವನು ಸುಲಿದದ್ದನ್ನೂ ನನ್ನ ಕೈಗೇ ಹಾಕುತ್ತಿದ್ದ.

‘ನನಗೆ ಕಾಣಲಿಲ್ಲ.’ ಇಷ್ಟೇ ಮಾತು. ಆ ಹೊತ್ತಿಗೇ ಹೇಳಿದ್ದರೆ ಎರಡು ಬೈಗುಳದಲ್ಲಿ ಮುಗಿಯುತ್ತಿತ್ತು. ತಡ ಮಾಡಿದ್ದಕ್ಕೆ ಒಬ್ಬ ಮನುಷ್ಯ ತನ್ನ ಕಿವಿಯನ್ನೇ ನಂಬದೆ ಮುದುಕನಾದ. ನಮ್ಮ ಮಾತನ್ನು ನಂಬಿ ತಮ್ಮನ್ನೇ ಅನುಮಾನಿಸಿಕೊಂಡವರು ನಿಮ್ಮ ಮನೆಯಲ್ಲೂ ಇರಬಹುದು. ಒಮ್ಮೆ ನೋಡಿ.

ಈ ಪತ್ರಿಕೆಯ ಕಟ್ಟು ಜಗಳೂರಿನಿಂದ ಬೆಳಗಿನ ಬಸ್ಸಿನಲ್ಲಿ ಸೊಕ್ಕೆಗೂ ಹೋಗುತ್ತದೆ. ಈ ಅಂಕಣವನ್ನು ಅವನು ಒಂದು ವಾರವೂ ಬಿಡುವುದಿಲ್ಲ. ಎದುರಿಗೆ ಬಾಯಿ ಬಾರದವನು ಅಚ್ಚಿನಲ್ಲಿ ಹೇಳುವುದು ಹೇಡಿತನವೇ. ಗೊತ್ತು. ಆದರೂ ಅಂಗೈ ಇಳಿಸಿಕೊಂಡು ಇದೊಂದು ಸಾಲು ಓದಿಬಿಡು.

ಅವತ್ತು ನಾನು ಹೋಲ್ಡಾನ್ ಅನ್ನಲೇ ಇಲ್ಲ ಕಣೋ, ತಿಪ್ಪೇಸ್ವಾಮಿ.