ಆಪರೇಷನ್ ಕೋಣೆಯ ಎಸಿಗೆ ನಾನು ಹಾಕಿದ ಬೀಗ

ಕೊಡಗಿನಲ್ಲಿ ನಾನು ತೆರೆದ ಮೊದಲ ಸ್ವಿಚ್ ಪೆಟ್ಟಿಗೆಯಿಂದ ನೀರು ಸುರಿಯಿತು. ರಾಯಚೂರಿನಲ್ಲಿ ಎಂಟು ವರ್ಷ ಇದೇ ಕೆಲಸ ಮಾಡಿದವಳು ನಾನು. ಅಲ್ಲಿ ಪೆಟ್ಟಿಗೆ ತೆರೆದರೆ ಉದುರುವುದು ಧೂಳು, ಬಿಸಿಲಿಗೆ ಸೀಳಿದ ವೈರಿನ ಸಿಪ್ಪೆ. ಇಲ್ಲಿ ನೀರು, ತುಕ್ಕು, ಮೂಲೆಯಲ್ಲಿ ಹಸಿರು ಪಾಚಿ.

ಗಂಡನಿಗೆ ಕುಶಾಲನಗರದ ಶಾಲೆಗೆ ವರ್ಗವಾಯಿತು. ನಾನು ಎಲೆಕ್ಟ್ರಿಕಲ್ ಸೂಪರ್‌ವೈಸರ್ ಪರವಾನಗಿ ಕೈಚೀಲದಲ್ಲಿಟ್ಟುಕೊಂಡು ಹಿಂದೆ ಬಂದೆ. ಮೊದಲ ತಿಂಗಳು ಜೋಳದ ರೊಟ್ಟಿ ಬಡಿಯುವ ಸದ್ದಿಗೆ ಪಕ್ಕದ ಮನೆಯವರು ಗಾಬರಿಯಾಗಿ ಬಾಗಿಲಿಗೆ ಬಂದಿದ್ದರು. ನನ್ನ ಮಾತಿಗೆ ಅಂಗಡಿಯವರು ನಗುತ್ತಿದ್ದರು. ಕೆಟ್ಟ ನಗುವಲ್ಲ, ಆದರೂ ಮಾತು ಕಡಿಮೆ ಮಾಡಿದೆ.

ನಮ್ಮೂರಲ್ಲಿ ಅರ್ಥಿಂಗ್ ಗುಂಡಿಗೆ ಬೇಸಿಗೆಯಿಡೀ ನೀರು ಹೊಯ್ಯಬೇಕು. ಒಣ ಮಣ್ಣು ಕರೆಂಟನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಇಲ್ಲಿಯ ಮಣ್ಣು ಸದಾ ತೇವ. ಆದರೆ ಅದೇ ತೇವ ಭೂಮಿಯೊಳಗಿನ ಕಬ್ಬಿಣವನ್ನು ಸದ್ದಿಲ್ಲದೆ ತಿನ್ನುತ್ತದೆ. ಅಲ್ಲಿ ಕಲಿತದ್ದನ್ನು ಇಲ್ಲಿ ತಿರುವಿ ಕಲಿಯಬೇಕಾಯಿತು.

ಬಂದ ನಂತರದ ಮೊದಲ ಏಪ್ರಿಲ್‌ನಲ್ಲಿ ಕುಶಾಲನಗರದ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಿಂದ ಕರೆ ಬಂತು. ಆಪರೇಷನ್ ಕೋಣೆಯ ಎಸಿ ಕೆಟ್ಟಿತ್ತು, ತಾರಸಿಯ ಮೇಲೆ ಹೊಸದನ್ನು ಕೂರಿಸಬೇಕಿತ್ತು. ಹೊಸದು ಹಳೆಯದಕ್ಕಿಂತ ದೊಡ್ಡದು. ಆಸ್ಪತ್ರೆಯ ವೈರ್‌ಮನ್ ಶಿವಣ್ಣ ಸೋಮವಾರಪೇಟೆ ಕಡೆಯವರು, ನನ್ನ ತಂದೆಯ ವಯಸ್ಸಿನವರು.

ನಾನು ಕೆಳಗಿನ ಬೋರ್ಡಿನಲ್ಲಿ ಎಸಿಯ ಬ್ರೇಕರ್ ಸ್ವಿಚ್ ಇಳಿಸಿ, ಅದಕ್ಕೊಂದು ಪುಟ್ಟ ಬೀಗ ಹಾಕಿ, ಕೀಲಿ ಜೇಬಿಗಿಟ್ಟು ತಾರಸಿ ಹತ್ತಿದೆ. ಶಿವಣ್ಣನಿಗೆ ನಗು.

"ಕರೆಂಟ್‌ಗೂ ಕಳ್ರು ಬತ್ತಾರಾ ಮೇಡಂ? ಹಳೇ ವೈರ್ಗೇ ಹೊಸ ಮಿಷನ್ ಸೇರ್ಸಿದ್ರೆ ಸಂಜೆ ಒಳ್ಗೆ ಮುಗೀತದೆ ಬಿಡಿ."

"ಈ ವೈರು ಅಷ್ಟು ಭಾರ ತಡಿಯಂಗಿಲ್ರಿ ಅಣ್ಣಾವ್ರೆ. ಅರ್ಥಿಂಗ್ ತಂತಿ ತುಂಡಾಗೈತಿ. ಮಿಷನ್ ಪಕ್ಕದಾಗ ಆಫ್ ಮಾಡಾಕ ಒಂದು ಸ್ವಿಚ್ಚೂ ಇಲ್ಲ. ಅದು ಕಣ್ಣೆದುರಿಗೇ ಇರಬೇಕ್ರಿ."

"ಇಪ್ಪತ್ತು ವರ್ಷ್ದಿಂದ ಇಲ್ದೇ ನಡ್ದಿಲ್ವಾ?"

ಹಾಗೆಂದು ಅವರು ಬರಿಗೈಯಲ್ಲಿ ಹಳೆಯ ವೈರಿನ ತುದಿಗಳನ್ನು ಬಿಡಿಸತೊಡಗಿದರು. ಅಷ್ಟರಲ್ಲಿ ಕೆಳಗಿನ ಬೋರ್ಡಿನ ಬಳಿಯಿಂದ ನರ್ಸ್ ಒಬ್ಬರ ಸ್ವರ ಕೇಳಿತು.

"ಯಾರ್ರೀ ಇದಕ್ಕೆ ಬೀಗ ಹಾಕಿದ್ದು? ಒಳಗೆ ಸೆಖೆ, ಸ್ವಿಚ್ ಮೇಲೇ ಬರ್ತಿಲ್ಲ!"

ಶಿವಣ್ಣನ ಕೈ ನಿಂತಿತು. ಎರಡೂ ಹಸ್ತಗಳಲ್ಲಿ ತಾಮ್ರದ ಎಳೆಗಳಿದ್ದವು. ಅವರು ಅವನ್ನು ಮೆಲ್ಲಗೆ ಕೆಳಗಿಟ್ಟು, ನೀರಿನ ಟ್ಯಾಂಕಿಗೆ ಬೆನ್ನು ಕೊಟ್ಟು ಕುಳಿತರು. ನಾನು ಜೇಬಿನಲ್ಲಿದ್ದ ಕೀಲಿಯನ್ನು ಮುಟ್ಟಿ ನೋಡಿಕೊಂಡೆ.

"ಮನೇಲಿ ಮೊಮ್ಮಗಳು ಕಾಯ್ತಾ ಇರ್ತಾಳೆ," ಎಂದರು ಕೊನೆಗೆ.

ಕೆಳಗಿಳಿದಾಗ ಡಾಕ್ಟರಮ್ಮ ಕಾದಿದ್ದರು. "ನಾಳೆ ಬೆಳಿಗ್ಗೆ ಒಂದು ಸಿಸೇರಿಯನ್ ಇದೆ. ಅದೊಂದು ಮುಗಿಯೋವರೆಗೆ ಹಳೇ ವೈರಲ್ಲೇ ಹೇಗಾದ್ರೂ ಓಡ್ಸಿ, ಆಮೇಲೆ ಎಲ್ಲ ಸರಿ ಮಾಡುವ."

ನಾನು ಪರವೂರಿನವಳು, ಈ ಊರಿಗೆ ಅವರು ಬೇಕಾದವರು. "ಹಂಗ ಓಡಿಸಾಕ ನಾ ಸಹಿ ಹಾಕಂಗಿಲ್ರಿ. ಎರಡು ದಿನ ಕೊಡ್ರಿ."

"ಮೇಡಂ ಹೇಳೋದು ಸರಿ ಡಾಕ್ಟ್ರೇ," ಎಂದರು ಶಿವಣ್ಣ, ನನ್ನ ಹಿಂದಿನಿಂದ.

ಮರುದಿನ ಹೆರಿಗೆಯಾಗಬೇಕಿದ್ದವಳು ಸೆಲ್ವಿ, ಚೆಟ್ಟಳ್ಳಿ ಕಡೆಯ ಎಸ್ಟೇಟಿನಲ್ಲಿ ಕೂಲಿಯವರು ಸಾಲಾಗಿ ವಾಸಿಸುವ ಲೈನ್ ಮನೆಯವಳು. ಅವಳನ್ನು ಮಡಿಕೇರಿಗೆ ಕಳಿಸಬೇಕಾಯಿತು. ಜೀಪು ಹತ್ತುವಾಗ ಅವಳ ಅತ್ತೆ ನನ್ನ ಮುಂದೆ ನಿಂತರು. "ಒಂದು ವೈರ್‌ಗೋಸ್ಕರ ಈ ಹೊಟ್ಟೆ ಹಿಡ್ಕೊಂಡು ಘಾಟಿ ಹತ್ತಬೇಕಾಮ್ಮಾ ಇವಳು?"

ನಿಯಮ ಸರಿಯಿತ್ತು. ಆ ಹೆಂಗಸಿನ ಪ್ರಶ್ನೆಯೂ ಸರಿಯಿತ್ತು. ಎರಡು ದಿನ ಕೆಲಸ ಮಾಡುತ್ತಲೇ ಮಡಿಕೇರಿಯ ಸುದ್ದಿಗಾಗಿ ಕಿವಿಗೊಟ್ಟಿದ್ದೆ. ದಪ್ಪ ಕೇಬಲ್ ಎಳೆದೆವು, ಅದಕ್ಕೆ ತಕ್ಕ ಬ್ರೇಕರ್ ಹಾಕಿದೆವು, ಹೊಸ ಅರ್ಥಿಂಗ್ ಇಳಿಸಿದೆವು. ಮಿಷನ್ ಪಕ್ಕದಲ್ಲಿ ಮಳೆನೀರು ಹೋಗದ ಪೆಟ್ಟಿಗೆಯಲ್ಲಿ ಸ್ವಿಚ್ ಕೂರಿಸಿದವರು ಶಿವಣ್ಣ. ಎರಡನೆಯ ದಿನ ಮಧ್ಯಾಹ್ನ ಗಂಡು ಮಗು, ತಾಯಿ ಕ್ಷೇಮ ಎಂಬ ಸುದ್ದಿ ಬಂತು. ನಾನು ತಾರಸಿಯ ಮೇಲೆಯೇ ಅತ್ತುಬಿಟ್ಟೆ. ವಾರದ ನಂತರ ಆಸ್ಪತ್ರೆಗೆ ತೋರಿಸಲು ಬಂದಾಗ ಸೆಲ್ವಿ ಮಗುವನ್ನು ಅಲ್ಲಿದ್ದ ನನ್ನ ಕೈಗೆ ಕೊಟ್ಟಳು. ಅವಳ ಅತ್ತೆ ಮಾತ್ರ ಮುಖ ತಿರುಗಿಸಿದರು. ಈಗಲೂ ಸಂತೆಯಲ್ಲಿ ಕಂಡರೆ ಮಾತಾಡುವುದಿಲ್ಲ.

ಶಿವಣ್ಣ ಈಗ ತಮ್ಮದೇ ಬೀಗವೊಂದನ್ನು ಇಟ್ಟುಕೊಂಡಿದ್ದಾರೆ. ಊರಿಗೆ ನಾನು 'ರಾಯಚೂರ್ ಮೇಡಂ.'

ಮೇ ತಿಂಗಳಲ್ಲಿ ರಾಯಚೂರಿಗೆ ಹೋದೆ. ಬಿಸಿಲಿಗೆ ನನಗೇ ತಲೆ ಸುತ್ತಿತು. ಅವ್ವ ತಣ್ಣನೆಯ ಮಜ್ಜಿಗೆ ಕೊಟ್ಟು, ಸೆರಗಿನಿಂದ ಗಾಳಿ ಹಾಕುತ್ತಾ ಕೇಳಿದಳು: "ನಿಮ್ಮೂರಾಗ ಮಳಿ ಸುರುವಾತೇನ?"

"ಇನ್ನೂ ಇಲ್ಲವ್ವ, ಮುಂದಿನ ತಿಂಗಳು," ಎಂದೆ.

ಮಜ್ಜಿಗೆ ಅರ್ಧ ಕುಡಿದ ಮೇಲೆ ಹೊಳೆಯಿತು: ನಿಮ್ಮೂರು ಎಂದಳು ಅವ್ವ. ನಾನು ಅದನ್ನು ತಿದ್ದಲಿಲ್ಲ.